ಟೆಂಟು, ಗಾಡಿ, ಕುದುರೆ: ರಾತ್ರಿ ಎರಡು ಗಂಟೆಯ ಲೆಕ್ಕ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ದೀಪಾವಳಿ ಮುಗೀತು, ಚಳಿ ಶುರುವಾಯ್ತು, ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಊರ ಹತ್ರ ಎಲ್ಲಾದ್ರೂ ಟೆಂಟಲ್ಲಿ ಒಂದು ರಾತ್ರಿ ಇರ್ಬೇಕು, ಯಾವ ಜಾಗ ಒಳ್ಳೇದು ಅಕ್ಕಾ ಅಂತ. ಹಾಗಾಗಿ ಅತ್ತೆ-ಸೊಸೆ, ಸೊಸೈಟಿ ಪಾರ್ಕಿಂಗ್ ಜಗಳಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೀನಿ, ಬೇಜಾರ್ ಮಾಡ್ಕೋಬೇಡಿ, ಆ ಜಗಳಗಳು ಎಲ್ಲಿಗೂ ಓಡಿ ಹೋಗಲ್ಲ.

ಪ್ರಶ್ನೆ: ಅಕ್ಕಾ ನಮಸ್ತೆ. ನಾವು ಡೊಂಬಿವಲಿಯವರು. ನಾನು, ನಮ್ಮೆಜಮಾನ್ರು, 8 ಮತ್ತು 3 ವರ್ಷದ ಇಬ್ಬರು ಮಕ್ಕಳು, ಮಂಡಿ ನೋವಿರೋ ಅತ್ತೆ. ಡಿಸೆಂಬರ್ ರಜೆಯಲ್ಲಿ ಪುಣೆ ಕಡೆಯ ಪವನಾ ಕೆರೆ ಹತ್ರ ಟೆಂಟ್ ಬುಕ್ ಮಾಡೋಣ ಅಂತ ನೋಡ್ತಿದ್ದೀವಿ, ಆದ್ರೆ ಫೋನಲ್ಲಿ ಎಲ್ಲಾ ಕ್ಯಾಂಪೂ ಒಂದೇ ಥರ ಕಾಣತ್ತೆ, ರೇಟೂ ಹೆಚ್ಚು ಕಮ್ಮಿ ಒಂದೇ. ಹೇಗೆ ಆರಿಸೋದು? — ಇಬ್ಬರು ಮಕ್ಕಳ ತಾಯಿ, ಡೊಂಬಿವಲಿ

ಒಂದೇ ಥರ ಕಾಣ್ದೆ ಇನ್ನೇನಮ್ಮಾ, ಎಲ್ಲರ ಫೋಟೋದಲ್ಲೂ ಹಿಂದೆ ಇರೋದು ಅದೇ ತುಂಗ್ ಕೋಟೆ ಗುಡ್ಡ, ಮುಂದೆ ಅದೇ ನೀರು, ನಡುವೆ ಸಾಲಾಗಿ ಕೇಸರಿ ಟೆಂಟು, ಮೇಲೊಂದು ಲೈಟಿನ ಸರ. ಫೋಟೋದಲ್ಲಿ ಕಾಣ್ದೇ ಇರೋದನ್ನ ಕೇಳ್ಬೇಕು. ಇದನ್ನ ನಾನು ಕಲಿತಿದ್ದು ಹೇಗೆ ಅಂತ ಹೇಳ್ಬಿಡ್ತೀನಿ. ನಾವು ಮೊದಲ ಸಲ ಹೋದಾಗ ಮಾವನವರು ಇನ್ನೂ ಇದ್ರು, 74 ವರ್ಷ, ಸಕ್ಕರೆ ಕಾಯಿಲೆ. ಸಂಜೆ ಎಲ್ಲಾ ಚೆಂದ ಇತ್ತು, ಸೂರ್ಯ ಮುಳುಗಿದ್ದು, ಚಹಾ, ಈರುಳ್ಳಿ ಭಜಿ, ಮಕ್ಕಳು ಬ್ಯಾಡ್ಮಿಂಟನ್. ರಾತ್ರಿ ಎರಡು ಗಂಟೆಗೆ ಮಾವನವರು ಟಾಯ್ಲೆಟ್‌ಗೆ ಎದ್ರು. ಟೆಂಟಿನ ಜಿಪ್ಪು ಸಿಕ್ಕಾಕ್ಕೊಂಡಿತು, ಚಪ್ಪಲಿ ಒಂದು ಕಾಲಿನದ್ದು ಸಿಕ್ತು ಇನ್ನೊಂದನ್ನ ನಾಯಿ ಎತ್ಕೊಂಡು ಹೋಗಿತ್ತು, ಮೊಬೈಲ್ ಟಾರ್ಚ್ ಹಿಡ್ಕೊಂಡು ಇಬ್ಬನಿಗೆ ಒದ್ದೆಯಾದ ಹುಲ್ಲಿನ ಮೇಲೆ ಗುಡ್ಡ ಹತ್ತೋ ಹಾಗೆ ಹತ್ತಿದ್ವಿ, ಲೆಕ್ಕ ಹಾಕಿದ್ದೀನಿ, 160 ಹೆಜ್ಜೆ, ಹೋಗಿ ನೋಡಿದ್ರೆ ನಲವತ್ತು ಜನಕ್ಕೆ ಎರಡೇ ಟಾಯ್ಲೆಟ್ಟು, ಎರಡೂ ಇಂಡಿಯನ್, ಒಂದರಲ್ಲಿ ನೀರಿಲ್ಲ. ಅವತ್ತಿಂದ ನನ್ನ ಲೆಕ್ಕ ಇಷ್ಟೇ: ಸಂಜೆ ಆರು ಗಂಟೆಗೆ ಜಾಗ ಹೇಗೆ ಕಾಣತ್ತೆ ಅನ್ನೋದು ಬೇಡ, ರಾತ್ರಿ ಎರಡು ಗಂಟೆಗೆ ಯಾರಾದ್ರೂ ಎದ್ರೆ ಅವರಿಗೇನು ಬೇಕು, ಅದು ಅಲ್ಲಿ ಇದೆಯಾ.

ಆದ್ದರಿಂದ ಬುಕ್ ಮಾಡೋ ಮುಂಚೆ ಫೋನ್ ಮಾಡಿ, ವಾಟ್ಸಾಪ್ ಮೆಸೇಜ್ ಬೇಡ, ಮಾತಾಡಿ. ನಿಮ್ಮ ಟೆಂಟಿನಿಂದ ಟಾಯ್ಲೆಟ್ಟಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲಿದೆಯಾ, ರಾತ್ರಿಯೆಲ್ಲಾ ಲೈಟ್ ಉರೀತಿರತ್ತಾ, ಅತ್ತೆಗೆ ಕಮೋಡ್ ಇದೆಯಾ, ಕಾರು ಎಲ್ಲಿವರೆಗೆ ಬರತ್ತೆ. ಈ ಕಾರಿನ ಪ್ರಶ್ನೆ ಮರೀಬೇಡಿ ಮಾತ್ರ, ಯಾಕಂದ್ರೆ ಕೆಲವು ಕ್ಯಾಂಪು ರಸ್ತೆಯಿಂದ ಕೆಳಗೆ ನೀರಿನ ಅಂಚಲ್ಲಿರತ್ತೆ, ಗಾಡಿ ಮೇಲೆ ನಿಲ್ಸಿ ಗದ್ದೆ ಬದುವಿನ ಮೇಲೆ ಇಳೀಬೇಕು, ಮಂಡಿ ನೋವಿನವರಿಗೆ ಇಳಿಯೋದೇ ಹತ್ತೋದಕ್ಕಿಂತ ಕಷ್ಟ. ಇಷ್ಟು ಕೇಳಿದಾಗ ಆ ಕಡೆಯವರು "ಸಬ್ ಹೋ ಜಾಯೇಗಾ ಮ್ಯಾಡಂ" ಅಂತ ಅಂದ್ರೆ ಅಲ್ಲೇನೂ ಇಲ್ಲ ಅಂತ ತಿಳ್ಕೊಳ್ಳಿ. ನಿಜವಾಗ್ಲೂ ಇರೋರು "ನಾಲ್ಕು ಟಾಯ್ಲೆಟ್ ಇದೆ, ಒಂದು ಕಮೋಡ್, ಐವತ್ತು ಹೆಜ್ಜೆ" ಅಂತ ಲೆಕ್ಕ ಹೇಳ್ತಾರೆ.

ಆಮೇಲೆ ಗಲಾಟೆ. ಶನಿವಾರ ರಾತ್ರಿ ಪವನಾ ಅಂದ್ರೆ ಡಿಜೆ ಊರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, ಆದ್ರೆ ನಿಯಮ ಇರೋದು ಕಾಗದದಲ್ಲಿ, ಸ್ಪೀಕರ್ ಇರೋದು ಪಕ್ಕದ ಟೆಂಟಲ್ಲಿ. ಫ್ಯಾಮಿಲಿಗೆ ಬೇರೆ ಸಾಲು ಇದೆಯಾ ಕೇಳಿ, ಸಾಧ್ಯ ಆದ್ರೆ ಶನಿವಾರ ಬಿಟ್ಟು ಭಾನುವಾರ ರಾತ್ರಿ ಇರಿ, ಮಕ್ಕಳಿಗೆ ರಜೆ ತಾನೆ, ನಿಮ್ಮೆಜಮಾನ್ರಿಗೆ ಒಂದು ದಿನ ರಜೆ ಹಾಕ್ಸಿ.

ನೀರಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಎಲ್ಲರೂ ಕೆರೆ ಕೆರೆ ಅಂತಾರೆ, ಅದು ಕೆರೆ ಅಲ್ಲ, ಪವನಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ನಮ್ಮೂರ ಕೆರೆಯ ಥರ ಅಂಚಿಂದ ನಿಧಾನಕ್ಕೆ ಆಳ ಆಗ್ತಾ ಹೋಗಲ್ಲ. ಕೆಳಗೆ ಮುಳುಗಿರೋದು ಹಳೇ ಹೊಲ, ಬದು, ಬಾವಿ. ಮೊಣಕಾಲು ನೀರಲ್ಲಿ ನಿಂತಿರ್ತೀರ, ಇನ್ನೊಂದು ಹೆಜ್ಜೆ ಇಟ್ರೆ ನೆಲಾನೇ ಇಲ್ಲ, ಇಲ್ಲಾಂದ್ರೆ ಕೆಸರಲ್ಲಿ ಕಾಲು ಹೂತು ಹೋಗತ್ತೆ. ಈಜು ಬರೋರೂ ಅಲ್ಲಿ ಹೋಗಿದ್ದಾರೆ. 3 ವರ್ಷದ ಕೂಸು ಇರೋರು ನೀರಿನ ಅಂಚಿನ ಮೊದಲ ಸಾಲಿನ ಟೆಂಟ್ ಕೇಳಲೇಬೇಡಿ, ಅದಕ್ಕೇ ಜಾಸ್ತಿ ದುಡ್ಡು ತಗೋತಾರೆ ಬೇರೆ. ಹಿಂದಿನ ಸಾಲು, ಟಾಯ್ಲೆಟ್ ಹತ್ರ, ಅದೇ ನಿಮ್ಮ ವಿಐಪಿ ಸೀಟು.

ಚಳಿ ಬಗ್ಗೆ ಡೊಂಬಿವಲಿಯವರಿಗೆ ಅಂದಾಜು ಇರಲ್ಲ. ಡಿಸೆಂಬರ್ ಜನವರಿಯಲ್ಲಿ ಪವನಾ ಇರೋ ಮಾವಳದ ಕಡೆ ಬೆಳಗಿನ ಜಾವ 10-12 ಡಿಗ್ರಿಗೆ ಇಳಿಯತ್ತೆ, ನೀರಿನ ಪಕ್ಕ ಇನ್ನೂ ಜೋರು, ಟೆಂಟಿನ ಒಳಗಡೆನೇ ಇಬ್ಬನಿ ಹನಿಯತ್ತೆ. ಚಳಿ ಅಂತ ಇದ್ದಿಲ ಸಿಗಡಿಯನ್ನ ಟೆಂಟೊಳಗೆ ಇಟ್ಕೊಂಡು ಜಿಪ್ಪು ಹಾಕಿ ಮಲಗೋರನ್ನ ನೋಡಿದ್ದೀನಿ, ದಯವಿಟ್ಟು ಬೇಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆ ಇಲ್ಲ, ನಿದ್ದೆಯಲ್ಲೇ ಮುಗಿದು ಹೋಗತ್ತೆ. ಒಂದು ಕಂಬಳಿ ಜಾಸ್ತಿ ತಗೊಂಡ್ಹೋಗಿ, ಅದು ಹೊದೆಯೋಕಲ್ಲ, ಕೆಳಗೆ ಹಾಸೋಕೆ, ಚಳಿ ಬರೋದೇ ನೆಲದಿಂದ.

ಬೆಳಿಗ್ಗೆ ಎದ್ದ ತಕ್ಷಣ ಮಕ್ಕಳ ಶೂ ಕೊಡವಿ ಹಾಕ್ಸಿ, ಚೇಳು ಇರತ್ತೆ. ಘಟ್ಟದ ಕೆಳಗೆ ಕೊಂಕಣದ ಕೆಂಪು ಚೇಳು ಮೊದಲೆಲ್ಲ ಮಕ್ಕಳ ಜೀವ ತೆಗೀತಿತ್ತು. ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ವಾ, ಬಿಪಿಗೆ ಕೊಡೋ ಪ್ರಜೋಸಿನ್ ಅನ್ನೋ ಮಾತ್ರೆಯಿಂದಲೇ ಜೀವ ಉಳಿಸ್ಬಹುದು ಅಂತ ತೋರಿಸಿಕೊಟ್ರು, 2022ರಲ್ಲಿ ಪದ್ಮಶ್ರೀ ಬಂತು. ಅಂದ್ರೆ ಮಾತ್ರೆ ನೀವೇ ಕೊಡಿ ಅಂತಲ್ಲ, ಮಂತ್ರ ಹಾಕ್ಸೋಕೆ ಹೋಗ್ಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಓಡಿ ಅಂತ. ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿ ಅಂತ ಕ್ಯಾಂಪಿನವರಿಗೆ ಮೊದಲೇ ಕೇಳಿಟ್ಕೊಳ್ಳಿ.

ನನ್ನನ್ನ ಕೇಳಿದ್ರೆ ಅತ್ತೆಯನ್ನ ಟೆಂಟಲ್ಲಿ ಮಲಗಿಸ್ಲೇಬೇಡಿ. ಟೆಂಟ್ ಜೊತೆ ಒಂದೆರಡು ರೂಮೂ ಇರೋ ಜಾಗ ಹುಡುಕಿ, ಅತ್ತೆ ಮತ್ತು ಸಣ್ಣದು ರೂಮಲ್ಲಿ, ದೊಡ್ಡದು ಅಪ್ಪನ ಜೊತೆ ಟೆಂಟಲ್ಲಿ. ನೀವು? ನೀವು ಎಲ್ಲಿ ಬೇಕಾದ್ರೂ ಮಲಗಿ, ಹೇಗಿದ್ರೂ ನಿಮಗೆ ನಿದ್ದೆ ಬರಲ್ಲ.

ಪ್ರಶ್ನೆ: ಅಕ್ಕ, ನಾವು ಆರು ಜನ ಫ್ರೆಂಡ್ಸು. ಮುಂದಿನ ಮಳೆಗಾಲದಲ್ಲಿ ಜಲಪಾತದ ಪಕ್ಕನೇ ಟೆಂಟ್ ಹಾಕಬೇಕು ಅಂತ ಈಗಿಂದಲೇ ಪ್ಲಾನ್. ಜಾಗ ಹೇಳಿ. — ಮಳೆ ಹುಚ್ಚ, ಠಾಣೆ

ಹೇಳಲ್ಲ. 2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಒಂದೇ ಮನೆಯ ಐವರು ಕೊಚ್ಚಿಹೋದ ವಿಡಿಯೋ ನಿಮ್ಮ ಫೋನಿಗೂ ಬಂದಿರತ್ತೆ. ನೀವು ನಿಂತಲ್ಲಿ ಮಳೆ ಇಲ್ದೇ ಇದ್ರೂ ಮೇಲೆ ಗುಡ್ಡದಲ್ಲಿ ಹೊಡೆದ ಮಳೆ ಕೆಳಗೆ ಬರೋಕೆ ಹೆಚ್ಚು ಹೊತ್ತು ಬೇಡ, ಹಗಲಲ್ಲೇ ಹೀಗಾದ್ರೆ ರಾತ್ರಿ ಎರಡು ಗಂಟೆಗೆ ಟೆಂಟ್ ಒಳಗಿದ್ದಾಗ ಏನು ಮಾಡ್ತೀರ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಇಂಥ ಜಾಗಗಳಿಗೆ ನಿಷೇಧಾಜ್ಞೆ ಹಾಕ್ತಾರೆ, ಅದನ್ನ ನೋಡ್ಕೊಂಡೇ ಹೊರಡಿ, ಮಲಗೋದಕ್ಕೆ ಹಂಚಿನ ಮನೆ ಹುಡುಕಿ. ಟೆಂಟೇ ಬೇಕು ಅಂದ್ರೆ ಮಳೆ ಹಿಡಿಯೋ ಮುಂಚೆ, ಮೇ ಕೊನೆ ಜೂನ್ ಮೊದಲ ವಾರ, ಭಂಡಾರದರಾ ಅಥವಾ ಪುರುಷವಾಡಿ ಕಡೆ ಮಿಂಚುಹುಳ ನೋಡೋಕೆ ಹೋಗಿ, ಒಂದು ಮರಕ್ಕೆ ಮರಾನೇ ಆರಿ ಹತ್ತಿ ಮಾಡತ್ತೆ. ಟಾರ್ಚ್ ಹಾಕಿ ಮಾತ್ರ ಬೈಸ್ಕೋಬೇಡಿ, ಬೆಳಕು ಕಂಡ್ರೆ ಆ ಹುಳಗಳಿಗೆ ಜೋಡಿ ಸಿಗಲ್ಲ.

ಪ್ರಶ್ನೆ: ಅಕ್ಕಾವ್ರೆ, ನಾನು ಹುಬ್ಬಳ್ಳಿಯವನು, ಪಿಂಪ್ರಿಯಲ್ಲಿ ಕೆಲಸ. ಒಂದು ಹಳೇ ಟ್ರಾವೆಲರ್ ಗಾಡಿ ತಗೊಂಡು ಒಳಗೆ ಹಾಸಿಗೆ, ಒಲೆ, ಎಸಿ ಎಲ್ಲಾ ಮಾಡಿಸಿ ಫ್ಯಾಮಿಲಿ ಜೊತೆ ಶನಿವಾರ ಭಾನುವಾರ ಸುತ್ತಬೇಕು ಅಂತ ಆಸೆ. ಫಾರಿನ್‌ನಲ್ಲಿ ಇರೋ ಹಾಗೆ ಇಂಥ ಗಾಡಿ ನಿಲ್ಸೋ ಕ್ಯಾಂಪು ಪುಣೆ ಹತ್ರ ಇದೆಯಾ? ಏನು ನೋಡಿ ಆರಿಸ್ಬೇಕು? — ಗಾಡಿ ಕನಸುಗಾರ, ಪಿಂಪ್ರಿ

ನಿಮ್ಮ ಪತ್ರ ಓದಿ ನಮ್ಮೆಜಮಾನ್ರು ನನ್ನ ಕೈಯಿಂದ ಕಿತ್ಕೊಂಡು ಎರಡು ಸಲ ಓದಿದ್ರು. ಅವರಿಗೂ ಇದೇ ಹುಚ್ಚು.

ಮೊದಲು ಗಾಡಿ. ಸಿಕ್ಕ ಗ್ಯಾರೇಜಲ್ಲಿ ಸೀಟು ಕಿತ್ತು ಹಾಸಿಗೆ ಹಾಕ್ಸಿದ್ರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಬರತ್ತೆ, ಆರ್‌ಸಿಯಲ್ಲಿ ಇರೋದಕ್ಕೂ ಗಾಡಿ ಇರೋದಕ್ಕೂ ತಾಳೆ ಆಗ್ಬೇಕು, ಆರ್‌ಟಿಒ ಒಪ್ಪಿಗೆ ಬೇಕು, ಇಲ್ಲಾಂದ್ರೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಮೊದಲು ತಗಾದೆ ತೆಗೆಯೋದೇ ಅಲ್ಲಿ. ಮೋಟಾರ್ ಕ್ಯಾರವಾನ್ ಅಂತಲೇ ಬೇರೆ ಮಾನದಂಡ ಇದೆ, ಎಐಎಸ್ 124, ಅದರ ಪ್ರಕಾರ ಕಟ್ಟಿಕೊಡೋ ಬಾಡಿಯವರ ಹತ್ರ ಹೋಗಿ. ಅದಕ್ಕೂ ಮುಂಚೆ ಒಂದು ವೀಕೆಂಡು ಬಾಡಿಗೆಗೆ ತಗೊಂಡು ನೋಡಿ, ಲಕ್ಷಗಟ್ಟಲೆ ಸುರಿದ ಮೇಲೆ ಮನೆಯವರಿಗೆ ವಾಂತಿ ಬರತ್ತೆ ಅಂತ ಗೊತ್ತಾಗೋದು ಬೇಡ.

ಕ್ಯಾಂಪು ಅಂತೀರಾ, ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂತು, ಅದರಲ್ಲಿ ಕ್ಯಾರವಾನ್ ಪಾರ್ಕ್ ಮಾತೂ ಇದೆ. ಆದ್ರೆ ಫಾರಿನ್ ವಿಡಿಯೋದಲ್ಲಿ ನೋಡಿದ ಹಾಗೆ ಪ್ರತಿ ಗಾಡಿಗೂ ಕರೆಂಟ್ ಕಂಬ, ನಲ್ಲಿ, ಕೊಳಚೆ ಬಿಡೋ ಗುಂಡಿ ಎಲ್ಲಾ ಸಾಲಾಗಿ ಇರತ್ತೆ ಅಂದ್ಕೊಂಡು ಹೊರಡ್ಬೇಡಿ. ಇಲ್ಲಿ ನೀವು ಹೋಗೋದು ಯಾರದ್ದೋ ಫಾರ್ಮ್‌ಹೌಸ್ ಅಂಗಳಕ್ಕೆ, ಇಲ್ಲಾ ಟೆಂಟ್ ಕ್ಯಾಂಪಿನ ಪಾರ್ಕಿಂಗ್‌ಗೆ. ಹಾಗಾಗಿ ಎಲ್ಲಾ ನೀವೇ ಕೇಳಿ ತಿಳ್ಕೋಬೇಕು.

ಮೊದಲನೇ ಪ್ರಶ್ನೆ ಕೊನೇ ಎರಡು ಕಿಲೋಮೀಟರ್ ರಸ್ತೆ. ಎಕ್ಸ್‌ಪ್ರೆಸ್‌ವೇ ಚೆನ್ನಾಗೇ ಇರತ್ತೆ, ಕೆಡೋದು ಊರೊಳಗಿನ ತಿರುವಲ್ಲಿ. ಎಸಿ ಕೂರಿಸಿದ ಮೇಲೆ ಗಾಡಿ ಎತ್ತರ ಹತ್ತಡಿ ಹತ್ರ ಹೋಗತ್ತೆ, ಮಾವಿನ ಕೊಂಬೆ, ಜೋತು ಬಿದ್ದ ಕರೆಂಟ್ ತಂತಿ, ರೈಲ್ವೆ ಕೆಳಸೇತುವೆ, ಎಲ್ಲಾ ಎದುರಾಗತ್ತೆ. ಕ್ಯಾಂಪಿನವರಿಗೆ "ಗಾಡಿ ಬರತ್ತಾ" ಅಂತ ಕೇಳಿದ್ರೆ "ಬರತ್ತೆ" ಅಂತಾರೆ, ಅವರ ತಲೆಯಲ್ಲಿ ಇರೋದು ಇನ್ನೋವಾ. "ಸ್ಕೂಲ್ ಬಸ್ ಬರತ್ತಾ, ಹಾಲಿನ ಟ್ಯಾಂಕರ್ ಬರತ್ತಾ, ಬಂದ್ರೆ ಎಲ್ಲಿ ತಿರುಗಿಸ್ತಾರೆ" ಅಂತ ಕೇಳಿ. ಘಾಟಿಗಳಲ್ಲೂ ಅಷ್ಟೇ, ಭೋರ್‌ನಿಂದ ಮಹಾಡ್‌ಗೆ ಇಳಿಯೋ ವರಂಧಾ ಘಾಟಿಯನ್ನ ಮಳೆಗಾಲದಲ್ಲಿ ಮುಚ್ಚೋದುಂಟು, ಮಾಥೇರಾನ್‌ಗಂತೂ ದಸ್ತೂರಿ ನಾಕಾದ ಆಚೆ ನಿಮ್ಮ ಅರಮನೆಗೆ ಪ್ರವೇಶವೇ ಇಲ್ಲ, ಅಲ್ಲಿ ಕುದುರೆಗಳದ್ದೇ ಟ್ರಾಫಿಕ್ಕು. ಮುಂಬಯಿಯಿಂದ ಬರೋ ನೆಂಟರಿದ್ರೆ ಅವರಿಗೆ ಹೇಳಿ, ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ-ರೋ ಹಡಗಲ್ಲಿ ಗಾಡಿ ಸಮೇತ ದಾಟಿದ್ರೆ ಅಲಿಬಾಗ್ ಕಡೆಗೆ ಘಾಟಿಯ ಗೋಜೇ ಇಲ್ಲ, ದೊಡ್ಡ ಗಾಡಿ ಹತ್ತಿಸ್ಕೋತಾರಾ ಅಂತ ಮಾತ್ರ ಮೊದಲೇ ವಿಚಾರಿಸ್ಲಿ.

ಎರಡನೇದು ನೆಲ. ಹುಬ್ಬಳ್ಳಿಯವರಿಗೆ ಎರೆ ಮಣ್ಣಿನ ಪಾಠ ನಾನೇನು ಹೇಳ್ಲಿ, ಮಳೆ ಬಿದ್ದ ಎರೆ ಹೊಲದಲ್ಲಿ ಟ್ರ್ಯಾಕ್ಟರೇ ಹೂತು ಕೂರತ್ತೆ. ಮೂರೂವರೆ ನಾಲ್ಕು ಟನ್ ಗಾಡಿಯನ್ನ ಹಸಿರು ಹುಲ್ಲಿದೆ ಅಂತ ನೀರಿನ ಅಂಚಿಗೆ ಇಳಿಸ್ಬೇಡಿ, ಮುರಂ, ಅಂದ್ರೆ ಗರಸು ಮಣ್ಣು ಹಾಕಿ ಗಟ್ಟಿ ಮಾಡಿದ ಜಾಗ ಕೇಳಿ. ಸಮತಟ್ಟು ಕೂಡ ಮುಖ್ಯ. ನಾವು ಒಂದ್ಸಲ ಪಾನಶೇತ್ ಕಡೆ ಬಾಡಿಗೆ ಗಾಡಿ ತಗೊಂಡು ಹೋಗಿ ಕಣ್ಣಿಗೆ ಸಮ ಕಂಡ ಜಾಗದಲ್ಲೇ ನಿಲ್ಸಿದ್ವಿ, ರಾತ್ರಿಯೆಲ್ಲಾ ನಾನು ತಲೆ ಕಡೆಗೆ ಜಾರ್ತಾ ಜಾರ್ತಾ ಬೆಳಗಾಗೋ ಹೊತ್ತಿಗೆ ಡ್ರೈವರ್ ಸೀಟಿನ ಬೆನ್ನಿಗೆ ತಲೆ ಕೊಟ್ಟು ಮಲಗಿದ್ದೆ, ಮುಖ ಊದ್ಕೊಂಡಿತ್ತು. ಈಗ ಯಜಮಾನ್ರು ಒಂಚೂರು ಜಾಗ ಬಿಟ್ಟು ತುಂಬಿದ ನೀರಿನ ಬಾಟ್ಲಿಯನ್ನ ಗಾಡಿ ನೆಲದ ಮೇಲೆ ಅಡ್ಡ ಮಲಗಿಸ್ತಾರೆ, ಉದ್ದಕ್ಕೊಂದ್ಸಲ, ಅಗಲಕ್ಕೊಂದ್ಸಲ, ಗುಳ್ಳೆ ಮಧ್ಯಕ್ಕೆ ಬರೋ ತನಕ ಟಯರಿನ ಕೆಳಗೆ ಹಲಗೆ ತುರುಕ್ತಾರೆ. ತಲೆ ಕಡೆ ಒಂದು ಬೆರಳು ಎತ್ತರ ಇದ್ರೆ ಇನ್ನೂ ಒಳ್ಳೇದು. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ ಕಲ್ಲೂ ಇಡಿ.

ಕರೆಂಟ್. ಕ್ಯಾಂಪಿನವರು "ಚಾರ್ಜಿಂಗ್ ಪಾಯಿಂಟ್ ಇದೆ" ಅನ್ನೋದು ಮೊಬೈಲಿಗೆ. ಮನೆಯ ಸಣ್ಣ 6 ಆಂಪ್ ಸಾಕೆಟಲ್ಲಿ ಹೆಚ್ಚಂದ್ರೆ 1400 ವ್ಯಾಟ್ ಎಳೀಬಹುದು, ನಿಮ್ಮ ಇಂಡಕ್ಷನ್ ಒಲೆ ಒಂದೇ 2000 ವ್ಯಾಟ್, ಮೇಲೆ ಎಸಿ ಬೇರೆ. 16 ಆಂಪ್‌ನ ದೊಡ್ಡ ಪಿನ್ನಿನ ಸಾಕೆಟ್ ಇದೆಯಾ, ಅರ್ಥಿಂಗ್ ಸರಿ ಇದೆಯಾ, ಗಾಡಿ ನಿಲ್ಸೋ ಜಾಗದಿಂದ ಎಷ್ಟು ಮೀಟರ್, ಇದನ್ನ ಕೇಳಿ ಒಳ್ಳೇ ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಿರಿ. ಕರೆಂಟ್ ಹೋದ್ರೆ ಇಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು ಮಲಗೋದು ಬೇಡವೇ ಬೇಡ, ಮೇಲೆ ಸಿಗಡಿಗೆ ಹೇಳಿದ್ದೇ ಇಲ್ಲೂ. ಮನೆಯ 14.2 ಕೆಜಿ ಸಿಲಿಂಡರ್ ಗಾಡಿಯಲ್ಲಿ ಹಾಕ್ಕೊಂಡು ಘಾಟಿ ಹತ್ತೋ ಮಹಾನುಭಾವರೂ ಇದ್ದಾರೆ, ನೀವು ಆ ಸಾಲಿಗೆ ಸೇರ್ಬೇಡಿ.

ಇನ್ನು ಗಾಡಿಯೊಳಗಿನ ಟಾಯ್ಲೆಟ್. ಎಲ್ಲರೂ ಹೆಮ್ಮೆಯಿಂದ ತೋರಿಸ್ತಾರೆ, ಡಬ್ಬಿ ಎಲ್ಲಿ ಖಾಲಿ ಮಾಡ್ತೀರಿ ಅಂದ್ರೆ ಮುಖ ಆ ಕಡೆ ತಿರುಗಿಸ್ತಾರೆ. ಕ್ಯಾಂಪಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದು ಅದರೊಳಗೆ ಸುರಿಯೋಕೆ ಒಪ್ಪಿದ್ರೆ ಮಾತ್ರ ಅದನ್ನ ಬಳಸಿ, ಒಪ್ಪದಿದ್ರೆ ಅವರ ಟಾಯ್ಲೆಟ್ಟಿಗೇ ಹೋಗಿ. ಹಿನ್ನೀರಿಗೆ ಬಿಡೋ ಯೋಚನೆ ಬಂದ್ರೆ ಒಂದು ಮಾತು ನೆನಪಿಟ್ಕೊಳ್ಳಿ, ಪಿಂಪ್ರಿ ಚಿಂಚವಾಡದ ನಲ್ಲಿಗೆ ಬರೋದು ಪವನಾ ನೀರೇ, ಸೋಮವಾರ ಬೆಳಿಗ್ಗೆ ಕಾಫಿ ಮಾಡ್ಕೊಳ್ಳೋದು ನೀವೇ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಾವು ಮೂಲ ವಿಜಾಪುರ ಕಡೆಯವರು, ಸಾಸವಡ ಹತ್ರ ಹೊಲ ಮಾಡ್ಕೊಂಡು ಇದ್ದೀವಿ. ಒಂದು ಕಾಠಿಯಾವಾಡಿ ಹೆಣ್ಣ ಕುದುರಿ ಐತ್ರಿ, ಅದರ ಜೋಡಿ ಏಳ ತಿಂಗಳದ ಮರಿ. ನಮ್ಮ ಹುಡುಗ ದಿನಾ ಸವಾರಿ ಮಾಡ್ತಾನ. ಜನವರಿ ಒಳಗ ಮನಿಮಂದಿ ಎಲ್ಲಾರೂ ಪವನಾ ಕಡೆ ಕ್ಯಾಂಪಿಗೆ ಹೊಂಟೀವಿ, ಕುದುರಿನೂ ಕರ್ಕೊಂಡು ಬರ್ತೀನಿ ಅಂತ ಹಟ ಹಿಡದಾನ. ಕುದುರಿ ಇಟ್ಕೊಳ್ಳು ಜಾಗಾ ಹೆಂಗ ನೋಡಬೇಕ್ರಿ? — ಕುದುರಿ ಮಾಲಕ, ಸಾಸವಡ

ಅಣ್ಣಾ, ನಿಮ್ಮ ಪತ್ರ ಓದಿ ಖುಷಿಯಾಯ್ತು. ಸಾಸವಡ ಅಂದ್ರೆ ಜೇಜುರಿ ಪಕ್ಕದಲ್ಲೇ, ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ ಆಗಿ ಕುದುರೆ ಏರಿ ಕೂತಿದ್ದಾನೆ, ನಿಮ್ಮ ಹುಡುಗನ ಹಟಕ್ಕೆ ದೇವರ ಸಪೋರ್ಟೇ ಇದೆ. ಹಾಗಂತ ಪವನಾಕ್ಕೆ ಒಯ್ಯಿರಿ ಅಂತ ನಾನು ಹೇಳಲ್ಲ. ಕುದುರೆ ಬಗ್ಗೆ ನಾನು ಕಲಿತದ್ದು ಪುಣೆಯ ನಮ್ಮ ಪಕ್ಕದ ಮನೆಯವರಿಂದ, ಅವರು ಕುದುರೆ ಡಾಕ್ಟ್ರು, ನಿಮ್ಮ ಪತ್ರವನ್ನ ಅವರಿಗೂ ಓದಿ ಹೇಳಿದೆ.

ಸಾಸವಡದಿಂದ ಪವನಾ ಅಂದ್ರೆ ಘಾಟಿ ಇಳಿದು ಪುಣೆ ಪೇಟೆ ದಾಟಿ ಹತ್ತಿರ ಹತ್ತಿರ 90 ಕಿಲೋಮೀಟರ್. 1978ರ ಪ್ರಾಣಿ ಸಾಗಾಣಿಕೆ ನಿಯಮದಲ್ಲಿ ಕುದುರೆ ಸಾಗಿಸೋ ಗಾಡಿ ಗಂಟೆಗೆ 35 ಕಿಲೋಮೀಟರ್ ಮೇಲೆ ಓಡೋ ಹಾಗಿಲ್ಲ ಅಂತ ಇದೆ. ಅಂದ್ರೆ ಎಲ್ಲೂ ನಿಲ್ಲಿಸದೆ ಹೋದ್ರೂ ಎರಡೂವರೆ ಗಂಟೆ ಮೇಲೆ, ಪುಣೆ ಟ್ರಾಫಿಕ್ ಸೇರಿಸಿದ್ರೆ ನಾಲ್ಕು, ಕುದುರೆ ಅಷ್ಟೂ ಹೊತ್ತು ನಾಲ್ಕು ಕಾಲ ಮೇಲೆ ತೂಗಾಡ್ತಾ ನಿಂತಿರ್ಬೇಕು. ಅದೇ ನಿಯಮದಲ್ಲಿ ಇನ್ನೂ ಕೆಲವು ಒಳ್ಳೇ ಮಾತಿದೆ: ನೆಲ ಜಾರದ ಹಾಗೆ ಮಾಡ್ಬೇಕು, ಕುದುರೆ ಕುದುರೆ ನಡುವೆ ದಪ್ಪ ಬಿದಿರಿನ ಗಳ ಕಟ್ಟಬೇಕು, ಎದುರಿಂದ ಬರೋ ಗಾಡಿ ನೋಡಿ ಬೆದರದ ಹಾಗೆ ತಲೆ ಎಡಕ್ಕೆ ಇರ್ಬೇಕು, ಜೊತೆಗೊಬ್ಬ ಆಳು ಇರ್ಬೇಕು, ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಕಬ್ಬು ಹೇರೋ ಟೆಂಪೋ ಕರೆದು ಹಗ್ಗ ಕಟ್ಟಿ ಹೊರಟುಬಿಡೋ ವಿಷಯ ಅಲ್ಲ ಇದು. ಆದ್ರೂ ಹೋಗೋದೇ ಅಂದ್ರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಒಳಗೆ, ಪುರಂದರ ತಾಲೂಕಿನಲ್ಲೇ ಯಾರದ್ದಾದ್ರೂ ತೋಟ ನೋಡಿ.

ಅಲ್ಲೂ ನೋಡೋದು ಏನು? ರಾತ್ರಿ ಎರಡು ಗಂಟೆಯ ಲೆಕ್ಕ ಕುದುರೆಗೂ ಹಾಕಿ. ಆ ಹೊತ್ತಿಗೆ ಓಡಾಡೋರು ಯಾರು? ಜುನ್ನರ್, ಶಿರೂರ್ ಕಡೆ ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕತ್ತೆ, ಜುನ್ನರ್ ಹತ್ರ ಮಾಣಿಕ್‌ಡೋಹದಲ್ಲಿ ಚಿರತೆಗಳಿಗಂತಲೇ ರಕ್ಷಣಾ ಕೇಂದ್ರ ಇದೆ. ನಿಮ್ಮ ಸಾಸವಡದ ಹುಲ್ಲುಗಾವಲಲ್ಲಿ ತೋಳ ಇರೋದು ನನಗಿಂತ ನಿಮಗೇ ಗೊತ್ತು. ತಾಯಿ ಕುದುರೆ ಒದ್ದಾದ್ರೂ ಒದೆಯತ್ತೆ, ಏಳು ತಿಂಗಳ ಮರಿಯನ್ನ ಬಯಲಲ್ಲಿ ಗೂಟಕ್ಕೆ ಕಟ್ಟಿದ್ರೆ ಅದಕ್ಕೆ ಓಡೋಕೂ ಆಗಲ್ಲ. ಬಾಗಿಲು ಇರೋ ಕೊಟ್ಟಿಗೆ ಅಥವಾ ಮೇಲ್ತನಕ ಜಾಲರಿ ಹಾಕಿದ ಶೆಡ್ ಇದ್ರೆ ಮಾತ್ರ ಒಪ್ಕೊಳ್ಳಿ, "ನಮ್ ಕಡೆ ಚಿರತೆ ಇಲ್ಲ" ಅನ್ನೋ ಮಾತಿಗೆ ಬೆಲೆ ಕೊಡ್ಬೇಡಿ.

ಕಟ್ಟೋದು ಹೇಗೆ ಅಂತ ಡಾಕ್ಟ್ರು ಟೀ ಕುಡೀತಾ ಮೇಜಿನ ಮೇಲೆ ಶೂ ಲೇಸಲ್ಲಿ ಮಾಡಿ ತೋರಿಸಿದ್ರು. ಹಗಲು ಹೊತ್ತು ಹೊರಗೆ ಕಟ್ಟೋದಾದ್ರೆ ಎರಡು ಗಟ್ಟಿ ಮರದ ನಡುವೆ ಕುದುರೆ ತಲೆಗಿಂತ ಎತ್ತರಕ್ಕೆ ಒಂದು ಹಗ್ಗ ಬಿಗಿಯಾಗಿ ಎಳೀಬೇಕು, ಮರದ ಸಿಪ್ಪೆ ಹೋಗದ ಹಾಗೆ ಕೆಳಗೆ ಗೋಣಿ ಸುತ್ತಬೇಕು, ಆ ಹಗ್ಗದಿಂದ ಕುದುರೆಯ ಹಗ್ಗ ಇಳಿಬಿಡ್ಬೇಕು, ಮೂತಿ ನೆಲದ ಹುಲ್ಲಿಗೆ ತಾಗೋಷ್ಟು ಉದ್ದ ಸಾಕು, ಅದಕ್ಕಿಂತ ಜಾಸ್ತಿ ಬಿಟ್ರೆ ಮುಂಗಾಲು ಸಿಕ್ಕಾಕ್ಕೊಂಡು ಗಾಬರಿಯಲ್ಲಿ ಕಾಲು ಮುರ್ಕೊಳತ್ತೆ. ಗಂಟು ಎಂಥದ್ದು ಅಂದ್ರೆ ಕುದುರೆ ಎಳೆದ್ರೆ ಬಿಗಿ ಆಗ್ಬೇಕು, ನೀವು ತುದಿ ಎಳೆದ್ರೆ ಒಂದೇ ಏಟಿಗೆ ಬಿಚ್ಚಬೇಕು. ಟೆಂಟಿನ ಗೂಟಕ್ಕೆ, ಕಾರಿನ ಬಂಪರ್‌ಗೆ ಕಟ್ಟೋ ಬುದ್ಧಿವಂತರನ್ನ ಅವರು ನೋಡಿದ್ದಾರಂತೆ, ಕುದುರೆ ಟೆಂಟ್ ಸಮೇತ ಓಡಿತ್ತಂತೆ.

ನೀರು ದಿನಕ್ಕೆ 30-40 ಲೀಟರ್ ಬೇಕು, ಮರಿಗೆ ಬೇರೆ. ನೀರಿದೆಯಾ ಅಂತ ಕೇಳಿದ್ರೆ ಸಾಲದು, ನಿಮ್ಮ ಕುದುರೆ ಅದನ್ನ ಕುಡಿಯತ್ತಾ ಅನ್ನೋದೂ ಇದೆ, ವಾಸನೆ ಬೇರೆ ಅಂದ್ರೆ ಮೂತಿ ಹಿಂದಕ್ಕೆ ತಗೊಳತ್ತೆ. ಹೊರಡೋ ನಾಲ್ಕೈದು ದಿನ ಮುಂಚಿಂದ ಮನೆ ನೀರಿಗೆ ಸ್ವಲ್ಪ ಬೆಲ್ಲ ಕರಗಿಸಿ ಅಭ್ಯಾಸ ಮಾಡ್ಸಿ, ಅಲ್ಲಿ ಹೋಗಿ ಅಲ್ಲಿನ ನೀರಿಗೂ ಬೆಲ್ಲ ಹಾಕಿ. ಮೇವು ಮನೆಯಿಂದಲೇ ಒಯ್ಯಿರಿ, 350 ಕೆಜಿ ತೂಕದ ಕುದುರೆಗೆ ದಿನಕ್ಕೆ ಆರೇಳು ಕೆಜಿ ಒಣ ಹುಲ್ಲು ಬೇಕಾಗತ್ತೆ. ಹೊಸ ಜಾಗದ ಹಸಿ ಹುಲ್ಲು ಕಂಡು ಒಂದೇ ದಿನ ಹೊಟ್ಟೆ ತುಂಬ ಮೇಯಿಸಿದ್ರೆ, ಅಥವಾ ಪ್ರೀತಿ ಹೆಚ್ಚಾಗಿ ಹುರುಳಿ ಜಾಸ್ತಿ ಇಟ್ರೆ ಹೊಟ್ಟೆ ಶೂಲೆ ಬರತ್ತೆ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಒಳಗೇ ಇರತ್ತೆ, ಅದಕ್ಕೇ ಅಷ್ಟು ಅಪಾಯ. ಇನ್ನೊಂದು, ಬೇಲಿ ನೋಡಿ. ಫಾರ್ಮ್‌ಹೌಸ್‌ನವರು ಚೆಂದಕ್ಕೆ ಅಂತ ಸಾಲಾಗಿ ಕಣಗಿಲೆ ಹಾಕಿರ್ತಾರೆ, ನಾಲ್ಕು ಎಲೆ ಹೆಚ್ಚು ಕಮ್ಮಿ ಆದ್ರೂ ಕುದುರೆ ಹೃದಯ ನಿಲ್ಲತ್ತೆ. ಮರಾಠಿಯವರು ಘಾಣೇರಿ ಅನ್ನೋ ಲಂಟಾನಾನೂ ವಿಷವೇ, ಅದಂತೂ ಸಹ್ಯಾದ್ರಿ ತುಂಬ ಹಬ್ಬಿದೆ. ಎರಡೂ ಇರೋ ಬೇಲಿ ಕಡೆ ಕಟ್ಟಲೇಬೇಡಿ.

ಪ್ರವಾಸಿಗಳನ್ನ ಕೂರಿಸಿ ಸುತ್ತಿಸೋ ಕುದುರೆಗಳು ಅಲ್ಲಿದ್ರೆ ಅವುಗಳ ತೊಟ್ಟಿಯಲ್ಲಿ ನಿಮ್ಮದಕ್ಕೆ ನೀರು ಕುಡಿಸ್ಬೇಡಿ, ನಿಮ್ಮದೇ ಬಕೆಟ್ ಇರ್ಲಿ. ಗ್ಲಾಂಡರ್ಸ್ ಅಂತ ಒಂದು ಕಾಯಿಲೆ ಇದೆ, ಮೂಗಿನ ಸಿಂಬಳದಿಂದ ಹರಡತ್ತೆ, ಮನುಷ್ಯರಿಗೂ ಬರತ್ತೆ, ಕುದುರೆಗೆ ಬಂದದ್ದು ಖಚಿತ ಆದ್ರೆ ಕಾನೂನು ಪ್ರಕಾರ ಅದನ್ನ ಕೊಲ್ಲಲೇಬೇಕು. ಹೊರಡೋ ಮುಂಚೆ ರಕ್ತ ಪರೀಕ್ಷೆ ಮಾಡ್ಸಿ ಕಾಗದ ಜೇಬಲ್ಲಿ ಇಟ್ಕೊಳ್ಳಿ, ಅಲ್ಲಿರೋ ಕುದುರೆಗಳದ್ದೂ ಕೇಳಿ, ಸಿಟ್ಟಾದ್ರೆ ಆಗ್ಲಿ.

ಪಕ್ಕದ ಟೆಂಟಿನವರಿಗೂ ಮೂಗು ಇದೆ ಅನ್ನೋದು ಮರೀಬೇಡಿ, ಲದ್ದಿಯನ್ನ ಬೆಳಿಗ್ಗೆ ಸಂಜೆ ಎತ್ತಿ ಗೋಣಿಗೆ ತುಂಬಿ, ತೋಟದವರು ಗೊಬ್ಬರಕ್ಕೆ ಕೈ ಮುಗಿದು ತಗೋತಾರೆ. ಅಷ್ಟೆಲ್ಲಾ ಆದ ಮೇಲೂ ನನ್ನ ಅಭಿಪ್ರಾಯ ಕೇಳಿದ್ರೆ ಮರಿಯನ್ನೂ ತಾಯಿಯನ್ನೂ ಮನೆಯಲ್ಲೇ ಬಿಡಿ, ನಿಮ್ಮ ಹೊಲದಲ್ಲೇ ಒಂದು ಟೆಂಟ್ ಹೊಡೀರಿ. ಹುಡುಗ ಹಗಲೆಲ್ಲ ಸವಾರಿ ಮಾಡ್ಲಿ, ರಾತ್ರಿ ಟೆಂಟಲ್ಲಿ ಮಲಗ್ಲಿ. ಟಾಯ್ಲೆಟ್ಟೂ ಮನೆಯದ್ದೇ.

ಪ್ರಶ್ನೆ: ಅಕ್ಕಾ, ಗೋವಾ ವಾಸ್ಕೋದಲ್ಲಿದ್ದೀವಿ. ಹುಬ್ಬಳ್ಳಿಯಿಂದ ಚಿಕ್ಕಪ್ಪನ ಮಕ್ಕಳು ದೊಡ್ಡ ಗಾಡಿ ಮಾಡ್ಕೊಂಡು ಬರ್ತಿದ್ದಾರೆ, ಬೀಚ್ ಮೇಲೇ ನಿಲ್ಸಿ ಅಲ್ಲೇ ಅಡುಗೆ ಮಾಡ್ಕೊಂಡು ಎರಡು ದಿನ ಇರೋಣ ಅಂತಾರೆ. ಆಗತ್ತಾ? — ವಾಸ್ಕೋ ಓದುಗ

ಆಗಲ್ಲ ತಮ್ಮಾ. ಗೋವಾದಲ್ಲಿ ಬೀಚ್ ಮೇಲೆ ಒಲೆ ಹಚ್ಚೋದಕ್ಕೂ ದಂಡ, ಗಾಡಿ ಮರಳಿಗೆ ಇಳಿಸೋದಕ್ಕೂ ಕೇಸು, ಬಾಟ್ಲಿ ತೆಗೆದ್ರೆ ಅದಕ್ಕೂ ದಂಡ. ನಿಯಮ ಬದಿಗಿಟ್ರೂ ಅಮಾವಾಸ್ಯೆ ಹುಣ್ಣಿಮೆ ಹತ್ರ ಉಬ್ಬರ ಬಂದಾಗ ಸಂಜೆ ಒಣ ಇದ್ದ ಮರಳು ರಾತ್ರಿ ನೀರಾಗಿರತ್ತೆ, ಹೂತ ಗಾಡಿ ಎಳೆಯೋಕೆ ಜೆಸಿಬಿ ಹುಡುಕ್ತಾ ಕೂರ್ಬೇಕು. ಮೋರ್ಜಿಂ, ಅಗೋಂದಾ, ಗಾಲ್ಜಿಬಾಗ್ ಬೀಚುಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ, ಅಲ್ಲಿ ನಿಮ್ಮ ಗಾಡಿ ಲೈಟೂ ಬೇಡ, ಸ್ಪೀಕರೂ ಬೇಡ.

ಅವರು ಬರೋ ದಾರಿಯಲ್ಲೇ ನಿಲ್ಲಲಿ. ಅನಮೋಡ ಘಾಟಿ ಇಳಿದು ಮೊಲೆಂ ದಾಟಿದ ಮೇಲೆ ಪೊಂಡಾ ಕಡೆ ಅಡಿಕೆ, ಕಾಳುಮೆಣಸಿನ ತೋಟಗಳಿವೆ, ಕೆಲವರು ಬಂದವರಿಗೆ ಊಟ ಹಾಕ್ತಾರೆ, ರಾತ್ರಿ ಗಾಡಿ ನಿಲ್ಸೋಕೆ ಬಿಡ್ತೀರಾ ಅಂತ ಫೋನ್ ಮಾಡಿ ಕೇಳಿ. ಮೊಲೆಂ ಅಭಯಾರಣ್ಯದ ಒಳಗಿನ ರಸ್ತೆ ಬದಿಯಲ್ಲಿ ಮಾತ್ರ ಮಲಗೋಕೆ ನಿಲ್ಸೋದು ಬೇಡ. ಬೀಚ್‌ಗೆ ಬೆಳಿಗ್ಗೆ ನಿಮ್ಮ ಸ್ಕೂಟರಲ್ಲಿ ಇಬ್ಬಿಬ್ಬರನ್ನಾಗಿ ಕರ್ಕೊಂಡು ಹೋಗಿ ಬನ್ನಿ. ಅಡುಗೆ ಮಾಡ್ಕೊಂಡೇ ತಿನ್ಬೇಕು ಅಂತ ಹಟ ಇದ್ರೆ ನಿಮ್ಮ ಮನೆ ಅಡುಗೆಮನೆ ಇದೆಯಲ್ಲ, ಎಲ್ಲರನ್ನೂ ಈರುಳ್ಳಿ ಹೆಚ್ಚೋಕೆ ಕೂರ್ಸಿ.

ಪ್ರಶ್ನೆ: ನಮ್ಮ ನಾಯಿಯನ್ನೂ ಕರ್ಕೊಂಡು ಹೋಗ್ಬಹುದಾ ಅಕ್ಕ? — ಟಾಮಿಯ ಅಮ್ಮ, ಮುಲುಂಡ್

ಕ್ಯಾಂಪಿನವರು ಒಪ್ಪಿದ್ರೆ ಹೋಗ್ಬಹುದು, ರೇಬಿಸ್ ಇಂಜೆಕ್ಷನ್ ಚೀಟಿ ಜೊತೆಗಿರ್ಲಿ. ರಾತ್ರಿ ಟೆಂಟಿನ ಒಳಗೇ ಮಲಗಿಸ್ಕೊಳ್ಳಿ, ಹೊರಗೆ ಕಟ್ಟಬೇಡಿ, ಚಿರತೆಗೆ ಎಲ್ಲಕ್ಕಿಂತ ಇಷ್ಟ ನಾಯೀನೇ. ಮತ್ತೆ ಟಾಮಿಗೆ ಚಪ್ಪಲಿ ಕಚ್ಚೋ ಅಭ್ಯಾಸ ಇದ್ರೆ ಪಕ್ಕದ ಟೆಂಟಲ್ಲಿ ವಯಸ್ಸಾದವರು ಇದ್ದಾರಾ ಅಂತ ನೋಡಿ ಬಿಡಿ.